ಒಂದೇ ಸಮನೆ ತಿರುಗುವ ಫ್ಯಾನು

ಇವತ್ತು ಬೆಳಿಗ್ಗೆ ಹತ್ತೂವರೆಗೆ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ತೊಂಬತ್ತು ದಿನಕ್ಕೊಮ್ಮೆ ಬಿಚ್ಚಿ ಧೂಳು ತೆಗೆಯುವುದು ನನ್ನ ನಿಯಮ. ಈ ಸಲ ತೊಂಬತ್ತೊಂದಾಗಿತ್ತು. ಒಳಗೆ ಧೂಳಿನ ಜೊತೆ ರೇಷ್ಮೆಯ ಸಣ್ಣ ಸಣ್ಣ ಎಳೆಗಳು, ಗುಲಾಬಿ ಮತ್ತು ಎಲೆಹಸಿರು. ಪಕ್ಕದ ಮನೆಯವರು ಈ ತಿಂಗಳು ಯಾವ ಬಣ್ಣದ ಸೀರೆ ನೇಯುತ್ತಿದ್ದಾರೆಂದು ನೀವು ಅವರನ್ನು ಕೇಳಬೇಕಾಗಿಲ್ಲ, ನನ್ನ ಫ್ಯಾನಿನ ರೆಕ್ಕೆ ನೋಡಿದರೆ ಸಾಕು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿಲ್ಲದ ಮನೆ ನಮ್ಮದೊಂದೇ.

ಹಿಂದೆ ನಮಗೂ ಎರಡಿದ್ದವು. ವಿಮಾನ ನಿಲ್ದಾಣ ಶುರುವಾಗಿ ಕೆಲವು ವರ್ಷ ಕಳೆದ ಮೇಲೆ ಅಪ್ಪ ಎರಡನ್ನೂ ಬಿಚ್ಚಿ ಕೊಟ್ಟು, ಅಲ್ಲಿನ ಸರಕು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸಕ್ಕೆ ಸೇರಿದ. ಇವತ್ತಿಗೂ ಸಂಜೆ ಐದಕ್ಕೆ ವ್ಯಾನು ಕರೆದೊಯ್ದರೆ ಬೆಳಿಗ್ಗೆ ಎಂಟಕ್ಕೆ ತಂದು ಬಿಡುತ್ತದೆ. ಮಗ್ಗಗಳಿದ್ದ ಜಾಗದಲ್ಲಿ ಒಂದು ಕಡೆ ಅಪ್ಪನ ಚಾಪೆ, ನಾಲ್ಕು ಅಡಿ ಆಚೆ ನನ್ನ ಕಂಪ್ಯೂಟರು ಬಂದವು. ಸೀರೆಯ ಅಂಚು, ಸೆರಗುಗಳ ಚಿತ್ರವನ್ನು ಚೌಕುಳಿ ಚೌಕುಳಿಯಾಗಿ ಬಿಡಿಸಿ ಮಗ್ಗದವರಿಗೆ ಕೊಡುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ನೇಯ್ಗೆ ಎಂದು ಉಳಿದದ್ದು ಅಷ್ಟೇ.

ಆರು ವರ್ಷದ ಹಿಂದೆ, ನನಗೆ ಇಪ್ಪತ್ತಾಗಿದ್ದಾಗ, ಅದೂ ಹೋಗುವುದರಲ್ಲಿತ್ತು. ಮಗ್ಗದವರು ಹಗಲು ಬಂದು ಪಕ್ಕದಲ್ಲಿ ಕೂತು ಚಿತ್ರ ತಿದ್ದಿಸಿಕೊಳ್ಳುತ್ತಿದ್ದರು. ಅಪ್ಪ ನಿದ್ದೆ ಮಾಡಬೇಕಾದದ್ದೂ ಹಗಲೇ. ಮಾತು ಪಿಸುದನಿಯಲ್ಲೇ ನಡೆಯುತ್ತಿತ್ತು. ಕಂಪ್ಯೂಟರಿಗೆ ಮಾತ್ರ ಪಿಸುದನಿ ಗೊತ್ತಿರಲಿಲ್ಲ. ದೊಡ್ಡ ಸೆರಗೊಂದನ್ನು ತೆರೆದರೆ ಸಾಕು, ಗುಂಯ್ ಎಂದು ಏರುತ್ತಿತ್ತು. ಪಕ್ಕದ ಮನೆಯ ಆರು ಮಗ್ಗ ಕುಟ್ಟಿದರೂ, ಮಾಡಿನ ಮೇಲೇ ವಿಮಾನ ಹೋದರೂ ಮಿಸುಕದ ಅಪ್ಪ ಆ ಗುಂಯ್‌ಗೆ ಎದ್ದು ಕೂರುತ್ತಿದ್ದ. ಎಚ್ಚರವಾದ ಪ್ರತಿ ಸಲಕ್ಕೂ ಡೈರಿಯಲ್ಲಿ ಒಂದು ಗೀಟು ಹಾಕಿದ್ದೇನೆ: ಸೋಮವಾರ ಏಳು, ಮಂಗಳವಾರ ಆರು, ಬುಧವಾರ ಒಂಬತ್ತು. ಗುರುವಾರ ಬೆಳಿಗ್ಗೆ ಅಪ್ಪ ಕುಂಟುತ್ತಾ ಬಂದ. ಗೋದಾಮಿನಲ್ಲಿ ನಿಂತಲ್ಲೇ ತೂಕಡಿಸಿ ಪೆಟ್ಟಿಗೆಯನ್ನು ಕಾಲಿನ ಮೇಲೆ ಬೀಳಿಸಿಕೊಂಡಿದ್ದ.

ಅಮ್ಮ ಅವನ ಹೆಬ್ಬೆರಳಿಗೆ ಅರಿಸಿನ ಹಚ್ಚುತ್ತಲೇ ನನ್ನ ಕಡೆ ತಿರುಗಿದಳು. "ಇನ್ನೊಂದ್ಸಲ ತೂಕಡಿಸಿದ್ರೆ ಕಾಲ ಮೇಲೆ ಬೀಳುತ್ತೋ ತಲೆ ಮೇಲೆ ಬೀಳುತ್ತೋ. ಹತ್ತು ದಿನ ಕೊಡ್ತೀನಿ ಕಣೇ. ಆಮೇಲೆ ಈ ಡಬ್ಬ ನಿಮ್ಮ ದೊಡ್ಡಪ್ಪನ ಅಂಗಡಿಗೆ."

ದೊಡ್ಡಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ. ಸುದ್ದಿ ತಿಳಿದು ಅವರು ಖುಷಿಯಾಗಿಯೇ ಬಂದರು. "ಬರ್ಲಿ ಬಿಡಮ್ಮ. ಚಿತ್ರಾನೂ ಬರೀತಾಳೆ, ಹಂಗೇ ಜೆರಾಕ್ಸೂ ತೆಗೀತಾಳೆ. ಹೆಣ್ಣುಮಗು ಕಣ್ಣೆದುರಿಗೂ ಇದ್ದಂಗಾಯ್ತು."

ಮೊದಲ ವಾರ ಚಿತ್ರ ಮತ್ತು ಜೆರಾಕ್ಸು, ಎರಡನೇ ವಾರ ಬರೀ ಜೆರಾಕ್ಸು ಆಗುತ್ತದೆಂದು ನನಗೆ ಗೊತ್ತಿತ್ತು. "ನಾನು ಎಲ್ಲಿಗೂ ಬರಲ್ಲ ದೊಡ್ಡಪ್ಪ. ಇದನ್ನೇ ಸುಮ್ಮನಾಗಿಸ್ತೀನಿ" ಎಂದೆ.

"ಮೇಲೆ ವಿಮಾನ, ಪಕ್ಕದಲ್ಲಿ ಮಗ್ಗ. ಇದರ ಮಧ್ಯೆ ಡಬ್ಬದ ಬಾಯಿ ಮುಚ್ಚಿಸ್ತಾಳಂತೆ!" ಎಂದು ಅವರು ಅಮ್ಮನನ್ನು ನೋಡಿ ನಕ್ಕರು. ಅಮ್ಮ ನಗಲಿಲ್ಲ. ಅವಳಿಗೆ ಬೇಕಿದ್ದದ್ದು ಅಪ್ಪನ ನಿದ್ದೆ.

ನನಗೆ ಎರಡೂ ಬೇಕಿತ್ತು, ಅಪ್ಪನ ನಿದ್ದೆಯೂ ನನ್ನ ಕೆಲಸವೂ. ಒಂದಕ್ಕಾಗಿ ಇನ್ನೊಂದನ್ನು ಬಿಡು ಎಂದು ಯಾರು ಹೇಳಿದರೂ ಕೇಳುವುದಿಲ್ಲ ಎಂದು ಆ ದಿನದ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಗೆರೆ ಎಳೆದಷ್ಟು ಸುಲಭವಾಗಿ ಮುಂದಿನದು ನಡೆಯಲಿಲ್ಲ.

ಮೊದಲ ದಿನವೇ ಮಗ್ಗದ ಮನೆಯವರು ಮಾತ್ರ ಮಾಡಬಹುದಾದ ತಪ್ಪು ಮಾಡಿದೆ. ಸದ್ದು ಬಂದಲ್ಲಿ ಎಣ್ಣೆ ಬಿಡುವುದು ನಮಗೆ ನಡೆಯುವುದಕ್ಕಿಂತ ಮೊದಲೇ ಬರುವ ವಿದ್ಯೆ. ಅಟ್ಟದ ಮೇಲಿದ್ದ ಮಗ್ಗದ ಎಣ್ಣೆಯ ಡಬ್ಬಿ ಇಳಿಸಿ ಫ್ಯಾನಿನ ನಡುವೆ ಧಾರಾಳವಾಗಿ ಬಿಟ್ಟೆ. ಎರಡು ದಿನ ಗೀಟು ಕಡಿಮೆಯಾದವು, ನಾನು ಬೀಗಿದೆ. ಮೂರನೇ ದಿನ ಬೀದಿಯ ರೇಷ್ಮೆ ಎಳೆಗಳೆಲ್ಲ ಆ ಎಣ್ಣೆಗೆ ಅಂಟಿ, ಫ್ಯಾನು ಬಣ್ಣದ ಗಡ್ಡ ಬಿಟ್ಟುಕೊಂಡು ಕರಕರ ಎನ್ನತೊಡಗಿತು. ಆ ದಿನದ ಗೀಟು ಹನ್ನೊಂದು.

ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋದೆ. ಅವನು ಗಡ್ಡ ನೋಡಿ, "ಏನ್ ಮೇಡಂ, ಒಗ್ಗರಣೆ ಹಾಕಿದ್ರಾ?" ಎಂದ. ಆಮೇಲೆ ಗಂಭೀರನಾಗಿ, "ಸದ್ದೇ ಬೇಡ ಅಂದ್ರೆ ವಾಟರ್ ಕೂಲಿಂಗ್ ಹಾಕ್ಸಿಬಿಡಿ" ಎಂದ.

"ನಮ್ಮ ಬೀದಿ ನಲ್ಲಿಗೇ ವಾರಕ್ಕೊಂದ್ಸಲ ನೀರು ಬಿಡ್ತಾರೆ. ಅದರಲ್ಲಿ ಕಂಪ್ಯೂಟರಿಗೆ ಬೇರೆ ಕುಡಿಸ್ಲಾ? ಗಾಳಿಯಲ್ಲೇ ಆಗ್ಬೇಕು, ಗುರು."

ಆ ನೀರು ದಿನಾ ತುಂಬಿಸುವಂಥದ್ದಲ್ಲ, ಒಳಗೇ ಸುತ್ತುವುದು ಎಂದು ಅವನು ವಿವರಿಸಿದ. ನನಗೆ ಅದು ಗೊತ್ತಿತ್ತು. ಹಟ ಹಿಡಿದವರಿಗೆ ಗೊತ್ತಿರುವುದೆಲ್ಲ ಉಪಯೋಗಕ್ಕೆ ಬರುವುದಿಲ್ಲ. ಕೊನೆಗೆ ಅವನೇ ಸೋತು, ಪ್ರೊಸೆಸರಿನ ಮೇಲೆ ಕೂತು ಅದರ ಶಾಖ ಹೀರುವ ತಗಡುಪದರಗಳ ಎತ್ತರದ ಗೋಪುರವೊಂದನ್ನೂ, ಅಂಗೈಗಿಂತ ಅಗಲದ ಫ್ಯಾನನ್ನೂ ಕೊಟ್ಟ. ಸಣ್ಣ ಫ್ಯಾನು ಏದುಸಿರು ಬಿಟ್ಟು ತಳ್ಳುವಷ್ಟು ಗಾಳಿಯನ್ನು ದೊಡ್ಡದು ನಿಧಾನವಾಗಿ ತಿರುಗಿಯೇ ತಳ್ಳುತ್ತದೆ. ಪ್ರೊಸೆಸರಿನಿಂದ ಶಾಖ ದಾಟಿಸುವ ಹಳೆಯ ಪೇಸ್ಟು ಒಣಗಿ ಸುಣ್ಣವಾಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿ, ಎರಡನ್ನೂ ಕೂರಿಸಿದೆ. ಫ್ಯಾನು ತಗಡಿಗೆ ತಾಗುವಲ್ಲಿ ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟೆ. ಕಿವಿ ಹತ್ತಿರ ತಂದರಷ್ಟೇ ಸದ್ದು ಕೇಳುತ್ತಿತ್ತು.

ಆದರೂ ಎಂಟನೇ ದಿನ ನಾಲ್ಕು ಗೀಟು.

ನಾಲ್ಕನೆಯ ಸಲ ಎದ್ದು ಕೂತ ಅಪ್ಪನನ್ನು ನೋಡಿ ನನಗೆ ಅಳು ಬಂತು, ಅದು ಸಿಟ್ಟಾಗಿ ಹೊರಬಿತ್ತು. "ಇಷ್ಟು ಸಣ್ಣ ಸದ್ದಿಗೂ ಏಳ್ತೀಯಲ್ಲಪ್ಪ! ವಿಮಾನಕ್ಕೆ ಏಳಲ್ಲ, ಮಗ್ಗಕ್ಕೆ ಏಳಲ್ಲ. ನಾನು ಕೂತ್ರೆ ಮಾತ್ರ ಏಳ್ತೀಯ!"

ಅಪ್ಪ ತನ್ನ ಕಾಲುಗಳನ್ನು ನೀವಿಕೊಂಡ. "ಸದ್ದು ಜೋರು ಅಂತಲ್ಲಮ್ಮ. ಒಂದೇ ಸಮ ಇಲ್ಲ ಅದು. ಏರುತ್ತೆ, ಇಳಿಯುತ್ತೆ. ಮಗ್ಗ ಹಂಗೆ ಸದ್ದು ಬದಲಾಯಿಸ್ತು ಅಂದ್ರೆ ಎಲ್ಲೋ ಎಳೆ ಹರೀತು ಅಂತ. ನಾನು ಏಳಲ್ಲ ಕಣಮ್ಮ, ಕಾಲು ಎದ್ಬಿಡ್ತವೆ."

ಮಗ್ಗ ಹೋದ ಮೇಲೆ ಅಪ್ಪ ಅದರ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅವನು ಎಷ್ಟು ಸಲ ಎದ್ದನೆಂದು ನಾನು ಇಷ್ಟು ದಿನವೂ ಎಣಿಸಿದ್ದೆ. ಯಾಕೆ ಏಳುತ್ತೀಯ ಎಂದು ಒಂದು ಸಲವೂ ಕೇಳಿರಲಿಲ್ಲ.

ನಮ್ಮ ಕಂಪ್ಯೂಟರಿನ ಫ್ಯಾನು ಶಾಖ ನೋಡಿಕೊಂಡು ತಾನೇ ವೇಗ ಬದಲಿಸುತ್ತಿತ್ತು. ಅದು ಜಾಣತನ ಎಂದು ಮಾಡಿಟ್ಟವರು ಅಪ್ಪನ ಕಾಲುಗಳನ್ನು ನೋಡಿರಲಿಲ್ಲ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗಿಗೆ ಹೋಗಿ ಆ ಜಾಣತನವನ್ನು ಕಿತ್ತುಹಾಕಿದೆ. ಶೀಟಿನ ಮಾಡು ಕಾದು ಉರಿಯುವ ಮಧ್ಯಾಹ್ನ, ಇದ್ದುದರಲ್ಲೇ ಅತಿ ಭಾರದ ಸೆರಗನ್ನು ತೆರೆದಿಟ್ಟು, ಶಾಖ ಮಿತಿ ಮೀರದಂತೆ ಫ್ಯಾನು ಎಷ್ಟು ನಿಧಾನವಾಗಿ ತಿರುಗಬಹುದು ಎಂದು ಹುಡುಕಿದೆ. ಸಿಕ್ಕ ವೇಗಕ್ಕೆ ಫ್ಯಾನನ್ನು ಕಟ್ಟಿಹಾಕಿದೆ. ಕೆಲಸ ಇರಲಿ ಬಿಡಲಿ, ಅದೇ ಸದ್ದು, ಏರಿಳಿತವಿಲ್ಲ.

ಹತ್ತನೇ ದಿನ ದೊಡ್ಡಪ್ಪ ಆಟೋ ತಂದರು, ಡಬ್ಬ ಒಯ್ಯಲು. ಮಧ್ಯಾಹ್ನ ಎರಡು ಗಂಟೆ. ಅಪ್ಪ ಬಾಯಿ ತೆರೆದುಕೊಂಡು ಮಲಗಿದ್ದ, ಊಟಕ್ಕೂ ಎದ್ದಿರಲಿಲ್ಲ. ನಾನು ಅವನ ಪಕ್ಕದಲ್ಲೇ ಸೆರಗಿನ ನವಿಲಿಗೆ ಬಣ್ಣ ತುಂಬುತ್ತಿದ್ದೆ. ದೊಡ್ಡಪ್ಪ ಹೊಸ್ತಿಲಲ್ಲಿ ನಿಂತು "ಏನಮ್ಮಾ, ರೆಡಿನಾ?" ಎಂದು ಶುರುಮಾಡುವಷ್ಟರಲ್ಲಿ ಅಮ್ಮ ಓಡಿಬಂದು, "ಶ್! ಮೆಲ್ಲಗೆ ಮಾತಾಡಿ ಭಾವ, ಎದ್ಬಿಟ್ಟಾರು" ಎಂದಳು. ಆಟೋ ಖಾಲಿ ಹೋಯಿತು. ಆ ದಿನದ ಪುಟದಲ್ಲಿ ಗೀಟಿಲ್ಲ.

ಈಗಲೂ ಕೆಲವರು ಹೇಳುತ್ತಾರೆ, ಲ್ಯಾಪ್‌ಟಾಪ್ ತಗೋ, ಬೆಂಗಳೂರಿಗೆ ಹೋಗು, ಆಫೀಸಿನಲ್ಲಿ ಎಸಿ ಇರುತ್ತೆ ಎಂದು. ಹೇಳಲಿ.

ಧೂಳು ತೆಗೆಯಲು ಇವತ್ತು ಕಂಪ್ಯೂಟರ್ ಆರಿಸಿದೆನಲ್ಲ, ಅರ್ಧ ನಿಮಿಷವಾಗಿರಲಿಲ್ಲ, ಚಾಪೆಯ ಮೇಲೆ ಅಪ್ಪ ದಡಬಡ ಎದ್ದು ಕೂತ.

"ಯಾಕಮ್ಮ, ನಿಂತೋಯ್ತಾ?"

"ನಿಂತಿಲ್ಲಪ್ಪ, ನಾನೇ ನಿಲ್ಲಿಸಿದೀನಿ. ಕ್ಲೀನ್ ಮಾಡ್ತಿದೀನಿ."

"ಬೇಗ ಹಾಕು ಮತ್ತೆ. ನಿದ್ದೆ ಹೋಯ್ತು."

ಈಗ ಅವನು ಗೋಡೆಗೊರಗಿ ಕಾಯುತ್ತಿದ್ದಾನೆ, ಗಳಿಗೆಗೊಮ್ಮೆ ಆಕಳಿಸುತ್ತಾ. ಕಾಯಲಿ. ನಾನು ಒಂದೊಂದೇ ರೆಕ್ಕೆಯನ್ನು ಬ್ರಶ್ಶಿನಲ್ಲಿ ಉಜ್ಜುತ್ತಿದ್ದೇನೆ, ಬೇಕೆಂದೇ ನಿಧಾನವಾಗಿ.