ಕರುಗಳ ಬೆನ್ನ ಮೇಲೆ ಅತ್ತೆಯ ಕೈ

ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ನನ್ನ ಬೆನ್ನ ಮೇಲೆ ಕೈಯಾಡಿಸಿ, "ಏನೇ, ಹೊಟ್ಟೆಗೆ ಏನೂ ತಿನ್ನಲ್ವಾ ನೀನು?" ಎಂದು ಕೇಳಿದ್ದರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ಸೊಸೆಯನ್ನು ನೋಡುವ ರೀತಿಯೇ ಇದು? ಆಮೇಲೆ ಅವರ ಜೊತೆ ಡೈರಿಗೆ ಕೆಲಸಕ್ಕೆ ಹೋದಾಗ ಗೊತ್ತಾಯಿತು, ಅವರು ಯಾರನ್ನು ನೋಡುವುದೂ ಹಾಗೆಯೇ ಎಂದು.

ಅಲ್ಲಿ ಹಾಲು ಕುಡಿಯುವ ಎಳೆಗರುಗಳ ಕೊಟ್ಟಿಗೆಯಲ್ಲಿ ಅತ್ತೆಯದೇ ಕಾರುಬಾರು. ಸಾಲಾಗಿ ಕಬ್ಬಿಣದ ಕಟಕಟೆಗಳು, ಸಿಮೆಂಟಿನ ನೆಲದ ಮೇಲೆ ಒಣಹುಲ್ಲು, ಮೂಲೆಯಲ್ಲಿ ಹಾಲು ಬೆಚ್ಚಗೆ ಮಾಡುವ ಒಲೆ. ಬೆಳಿಗ್ಗೆ ಹಾಲು ಕೊಡುವ ಮೊದಲು ಪ್ರತಿ ಕರುವಿನ ಬೆನ್ನುಮೂಳೆ, ಪಕ್ಕೆ, ಸೊಂಟದ ಎಲುಬು, ಬಾಲದ ಬುಡದವರೆಗೂ ಬೆರಳಾಡಿಸಿಕೊಂಡು ಹೋಗುತ್ತಿದ್ದರು. "ಕಣ್ಣನ್ನ ನಂಬಿದ್ರೆ ಕೆಟ್ಟೆ. ಹೊಟ್ಟೆ ಉಬ್ಬಿದ ತಕ್ಷಣ ಕರು ದಪ್ಪ ಆಗ್ಬಿಡಲ್ಲ. ಬೆನ್ನು ಮುಟ್ಟಿ ನೋಡು, ಗೊತ್ತಾಗುತ್ತೆ" ಎನ್ನುತ್ತಿದ್ದರು. ಕೈ ತೆಗೆಯುವ ಮೊದಲೇ ತೀರ್ಪು ಬರುತ್ತಿತ್ತು. ಇದಕ್ಕೆ ಹಾಲು ಸ್ವಲ್ಪ ಜಾಸ್ತಿ, ಅದಕ್ಕೆ ಹಿಂಡಿ ಶುರು ಮಾಡು, ಇದರ ಕೆಳಗೆ ಹುಲ್ಲು ದಪ್ಪಗೆ ಹಾಸು. ಅವರ ಮಾತಿನಂತೆ ಮೇಯಿಸಿದ ಕರು ಬಡವಾದದ್ದನ್ನು ನಾನು ಕಂಡಿರಲಿಲ್ಲ. ಬಾಯಿ ತೆರೆದರೆ ಬೈಯುವ ಈ ಹೆಂಗಸಿನ ಕೈಯಲ್ಲಿ ಅದೇನಿದೆಯಪ್ಪಾ ಎಂದು ಬೆರಗಾಗಿ ನಿಂತುಬಿಡುತ್ತಿದ್ದೆ. ನಿಂತರೆ ಅದಕ್ಕೂ ಬೈಗುಳ.

ಒಂದು ವರ್ಷ ಚಳಿ ಬೇಗ ಬಂತು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಹೆಣ್ಣುಗರುವೊಂದಿತ್ತು. ಬೊಟ್ಟು ಎಂದು ಕರೆಯುತ್ತಿದ್ದೆವು. ಚಳಿಗೆ ಕೂದಲು ದಟ್ಟವಾಗಿ ಬೆಳೆದು ಹತ್ತಿಯ ಮೂಟೆಯ ಹಾಗೆ ಕಾಣುತ್ತಿತ್ತು. ಅತ್ತೆ ಬೆನ್ನು ಸವರಿ, "ಚೆನ್ನಾಗಿದ್ದಾಳೆ, ಈಗ ಕೊಡೋ ಹಾಲೇ ಸಾಕು" ಎಂದರು. ಮೈ ಒರೆಸುವಾಗ ನನ್ನ ಕೈಗೆ ಮಾತ್ರ ಕೂದಲಿನ ಕೆಳಗೆ ಎಲುಬು ಚುಚ್ಚಿತು. ಕುಡಿದ ಹಾಲೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಮುಗಿದುಹೋಗುತ್ತಿರಬೇಕು ಎನಿಸಿತು.

"ಅತ್ತೆ, ಇವಳು ಸ್ವಲ್ಪ ಇಳಿದಿದ್ದಾಳೆ ಅನ್ಸುತ್ತೆ."

"ಮೊನ್ನೆ ಮೊನ್ನೆ ಬಂದೋಳು, ನನಗೆ ಹೇಳ್ಕೊಡ್ತೀಯಾ?"

ಕರುಗಳ ವಿಷಯದಲ್ಲಿ ಡೈರಿಯ ಯಜಮಾನರೇ ಅತ್ತೆಗೆ ಎದುರಾಡುತ್ತಿರಲಿಲ್ಲ, ಇನ್ನು ನಾನು ಯಾವ ಲೆಕ್ಕ? ನನ್ನ ಕೈಯೇ ತಪ್ಪಿರಬೇಕು ಎಂದುಕೊಂಡೆ.

ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಬೊಟ್ಟು ಮಲಗಿದಲ್ಲಿಂದ ಏಳಲಿಲ್ಲ. ಹಾಲಿನ ವಾಸನೆಗೂ ತಲೆ ಎತ್ತಲಿಲ್ಲ. ದನದ ಡಾಕ್ಟರು ಬಂದು ಗ್ಲೂಕೋಸ್ ಏರಿಸಿದರು. "ಮೈಯಲ್ಲಿ ಕೊಬ್ಬೇ ಇಲ್ಲವಲ್ಲಮ್ಮ. ಬೆಚ್ಚಗಿಡಿ. ಸಂಜೆಯೊಳಗೆ ತಾನಾಗಿ ಚೀಪಿದ್ರೆ ಉಳಿಯುತ್ತೆ" ಎಂದು ಹೇಳಿ ಹೋದರು.

ಅತ್ತೆ ಮಂಡಿಯೂರಿ ಕರುವಿನ ಬೆನ್ನನ್ನು ಒತ್ತಿದರು. ಮತ್ತೆ ಒತ್ತಿದರು. ತಮ್ಮ ಬೆರಳುಗಳನ್ನು ತಾವೇ ನೋಡಿಕೊಂಡರು. ಆಮೇಲೆ ಬಗ್ಗಿ, ಕೂದಲನ್ನು ಪಕ್ಕಕ್ಕೆ ಸರಿಸಿ, ಆ ಬೆನ್ನಿನ ಮೇಲೆ ಕೆನ್ನೆಯಿಟ್ಟರು.

"ಬರೀ ಮೂಳೆ ಕಣೇ" ಎಂದರು. "ಬೆರಳು ಜೋಮು ಹಿಡಿದು ತುಂಬಾ ದಿನ ಆಯ್ತು. ಸಕ್ಕರೆ ಕಾಯಿಲೆ. ಮುಟ್ಟಿದ ಹಾಗೆ ಮಾಡಿ ಕಣ್ಣಲ್ಲಿ ನೋಡಿ ಹೇಳ್ತಿದ್ದೆ."

ನಾನು ಸಮಾಧಾನ ಹೇಳುವಷ್ಟರಲ್ಲಿ ಅವರು ಪಕ್ಕದ ಕಟಕಟೆಯೊಳಗಿದ್ದರು. ಅಲ್ಲಿಂದ ಅದರ ಪಕ್ಕದ್ದಕ್ಕೆ. ನೋವಿನ ಮಂಡಿಯನ್ನು ಊರುತ್ತಾ ಏಳುತ್ತಾ ಪ್ರತಿ ಕರುವಿನ ಬೆನ್ನಿಗೂ ಕೆನ್ನೆ ಕೊಟ್ಟರು. ಕರುಗಳು ಅವರ ತಲೆಗೂದಲು ನೆಕ್ಕಿ ಎಳೆದಾಡಿದವು. "ಇವಳು ಸರಿ ಇದ್ದಾಳೆ." "ಇವನಿಗೆ ಹಾಲು ಜಾಸ್ತಿ ಮಾಡು, ಇವನಿಗೂ ಮೋಸ ಮಾಡಿದೀನಿ." ನಾನು ಬಕೆಟ್ ಹಿಡಿದು ಹಿಂದೆ ಹಿಂದೆ ನಡೆದೆ. ಯಾರಿಗೂ ತಲೆ ಬಗ್ಗಿಸದ ಹೆಂಗಸು ಇವರು. ಇಷ್ಟು ದೊಡ್ಡ ಮನುಷ್ಯಳ ಮನೆಗೆ ಸೊಸೆಯಾಗಿ ಬಂದಿದ್ದೇನೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಯಜಮಾನರಿಗೂ ನೇರವಾಗಿಯೇ ಹೇಳಿದರು. "ನನ್ನ ಬೆರಳು ಸತ್ತಿದೆ ಯಜಮಾನ್ರೇ. ಮುಚ್ಚಿಟ್ಟಿದ್ದು ತಪ್ಪು. ಬೇಕಾದ್ರೆ ಕೆಲಸದಿಂದ ಬಿಡಿಸಿಬಿಡಿ."

"ಮೊದಲು ಆ ಕರು ಉಳಿಸಮ್ಮ, ಆಮೇಲೆ ಮಾತಾಡೋಣ" ಎಂದರು ಅವರು.

ಕಂಬಳಿ ಹೊದಿಸಿದೆವು, ಮೈ ಉಜ್ಜಿದೆವು, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆವು. ಹಾಲಿನ ನಿಪ್ಪಲ್ಲನ್ನು ಬಾಯಿಗಿಟ್ಟಾಗಲೆಲ್ಲ ಬೊಟ್ಟು ಮುಖ ತಿರುಗಿಸಿತು. ಬಿಸಿಲು ಇಳಿಯತೊಡಗಿದಾಗ ಅತ್ತೆ ಬೆಚ್ಚನೆಯ ಹಾಲಿನಲ್ಲಿ ಬೆರಳು ಅದ್ದಿ ಅದರ ಬಾಯೊಳಗಿಟ್ಟು, ಇನ್ನೊಂದು ಕೈಯಿಂದ ಗಂಟಲು ಸವರುತ್ತಾ ಕುಳಿತರು. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು. ಎಂದೂ ಯಾರನ್ನೂ ಏನನ್ನೂ ಕೇಳದ ಮುಖ ಅದು.

"ಚೀಪ್ತಿದ್ದಾಳೇನೇ? ನಂಗೆ ಗೊತ್ತಾಗ್ತಿಲ್ಲ."

ನಾನು ಪಕ್ಕದಲ್ಲಿ ಕುಳಿತು ಅವರ ಬೆರಳಿನ ಜೊತೆಗೇ ನನ್ನ ಬೆರಳನ್ನೂ ತೂರಿಸಿದೆ. ಒರಟು ನಾಲಿಗೆ ಎರಡನ್ನೂ ಸುತ್ತಿ ಹಿಡಿದು ಒಳಕ್ಕೆ ಎಳೆಯಿತು.

"ಚೀಪ್ತಿದ್ದಾಳೆ ಅತ್ತೆ" ಎಂದೆ. "ನಿಮ್ಮ ಬೆರಳು ಬಿಡೋ ಹಾಗೇ ಕಾಣಲ್ಲ."