ಕಣ್ಣಿಗೆ ಕಾಣದ ಬೋಲ್ಟು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಜಹಾಂಗೀರನ ಟ್ರ್ಯಾಕ್ಟರ್ ರಿಪೇರಿ ಶೆಡ್ಡು. ಅಲ್ಲಿ ಗಾಡಿ ಬಿಡುವವರು ಮನೆಯಲ್ಲಿ ಹೇಳಿ ಬಂದಿರಬೇಕು. ಹಾರ್ನು ಕೂಗುವುದಿಲ್ಲವೆಂದು ಬಂದ ಲಾರಿಯ ಇಂಜಿನ್ನನ್ನೇ ಕೆಳಗಿಳಿಸಿ ಬಿಚ್ಚಿದ ಮಹಾನುಭಾವ ಅವನು. ಒಮ್ಮೆ ಮದುವೆ ದಿಬ್ಬಣದ ಜೀಪು ಅವನ ಕೈಗೆ ಸಿಕ್ಕಿ, ರಿಪೇರಿಯಾಗಿ ಈಚೆ ಬರುವ ಹೊತ್ತಿಗೆ ಆ ವಧೂವರರು ತಮ್ಮ ಮಗನಿಗೆ ಹೆಣ್ಣು ನೋಡುತ್ತಿದ್ದರು ಎನ್ನುತ್ತಾರೆ. ಅದು ಶುದ್ಧ ಸುಳ್ಳು. ಮಗ ಆಗಿನ್ನೂ ಎಸ್ಸೆಸ್ಸೆಲ್ಸಿ.

ಆದರೆ ಅವನು ಬಿಗಿ ಮಾಡಿದ ಬೋಲ್ಟು ಸಡಿಲವಾಯಿತು ಎಂದವರು ಜಿಲ್ಲೆಯಲ್ಲೇ ಇಲ್ಲ. ಅವನದು ಒಂದೇ ಸೂತ್ರ: ಕಣ್ಣಿಗೆ ಕಾಣದ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು. ಪೂರ್ತಿ ಬಿಚ್ಚಬೇಕು, ಒರೆಸಬೇಕು, ಕಣ್ಣಾರೆ ಕಂಡು ಬಿಗಿಯಬೇಕು.

ಇಷ್ಟು ಹುಷಾರಿನ ಮನುಷ್ಯ ಒಂದು ಮಧ್ಯಾಹ್ನ ಜಾಕಿನ ಪಕ್ಕ ಕಬ್ಬಿಣದ ಸ್ಟ್ಯಾಂಡಿನ ಬದಲು ಹಳೆಯ ಮರದ ದಿಮ್ಮಿಯೊಂದನ್ನು ಇಟ್ಟು ಟ್ರೇಲರಿನ ಅಡಿಗೆ ನುಗ್ಗಿದ. ಜಾಕು ಜಾರಿತು, ದಿಮ್ಮಿ ಸೀಳಿತು, ಖಾಲಿ ಟ್ರೇಲರ್ ಬಂದು ಸೊಂಟದ ಮೇಲೆ ಕೂತಿತು. ಹೆಂಡತಿಯ ತಮ್ಮ ಅಕೀಲ್ ರಸ್ತೆಯ ಜನರನ್ನೆಲ್ಲ ಕೂಗಿ ಅದನ್ನು ಎತ್ತಿಸುವವರೆಗೂ ಜಹಾಂಗೀರ್ ಅಡಿಯಿಂದಲೇ, "ಆ ಕಡೆ ಪಟ್ಟಿ ಮುರ್ದದೆ, ನೋಡ್ಕಳ್ಲಾ" ಎಂದು ಹೇಳುತ್ತಿದ್ದನಂತೆ. ಟ್ರೇಲರಿನ ಪಟ್ಟಿಯೋ ತನ್ನ ಸೊಂಟದ್ದೋ, ಕೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದು, ಎಡಗಾಲಿಗೆ ತೂಕ ಕಟ್ಟಿ ಅಂಗಾತ ಮಲಗಿಸಿದರು. ಏಳುವಂತಿಲ್ಲ, ಹೊರಳುವಂತಿಲ್ಲ. ಕೆಮ್ಮಿದರೆ ಜೀವ ಬಾಯಿಗೆ ಬರುತ್ತಿತ್ತು. ಊರಿಗೆಲ್ಲ ಟ್ರೇಲರ್ ಎತ್ತಿದ್ದು ಕಂಡಿತ್ತು. ಅವನಿಗೆ ಮಾತ್ರ ಅದು ಇನ್ನೂ ಮೇಲೆಯೇ ಕೂತಿತ್ತು.

ಅವನ ಕಣ್ಣಿಗೆ ಬೀಳುತ್ತಿದ್ದ ಪ್ರಪಂಚವೆಂದರೆ ತಾರಸಿಯ ಫ್ಯಾನು. ಅದರ ಒಂದು ರೆಕ್ಕೆಯ ಸ್ಕ್ರೂ ಸಡಿಲವಾಗಿತ್ತು. ಸುತ್ತಿಗೊಂದು ಸಲ 'ಟಕ್' ಎನ್ನುತ್ತಿತ್ತು. ಬೇರೆ ರೋಗಿಗಳಿಗೆ ಅದರಿಂದ ಗಾಳಿ ಬರುತ್ತಿತ್ತು, ಜಹಾಂಗೀರನಿಗೆ ಬರೀ ಟಕ್ ಬರುತ್ತಿತ್ತು. ಕೈಯಳತೆಯಲ್ಲಿ ಸ್ಟೂಲಿದೆ, ಮೇಲೆ ಸ್ಕ್ರೂ ಇದೆ, ನಡುವೆ ಅಲುಗಾಡಲಾಗದ ತಾನಿದ್ದಾನೆ. ನರಕದಲ್ಲಿ ಮೆಕ್ಯಾನಿಕ್ಕುಗಳಿಗೆ ಬೇರೆ ಕೋಣೆ ಇದ್ದರೆ ಅದು ಹೀಗೇ ಇರಬೇಕು.

"ಬಸರಾಳು ಕಡೆ ನಾಟಿ ಕಟ್ಟು ಹಾಕೋರವ್ರಂತೆ ಭಾವ, ಕರ್ಕಂಡೋಗವಾ?" ಎಂದ ಅಕೀಲ್.

ಜಹಾಂಗೀರನ ಹೆಂಡತಿ ತಾಹೇರಾ ಮನೆಯಲ್ಲಿ ಆಡುವುದು ಉರ್ದು; ಜಗಳಕ್ಕೆ ಮಾತ್ರ ಮದ್ದೂರು ಕನ್ನಡವೇ ಆಗಬೇಕು. "ಕೈಕಾಲ್ಗಾದ್ರೆ ಬಿದಿರು ದಬ್ಬೆ ಕಟ್ತಾರೆ. ಸೊಂಟಕ್ಕೇನು ಬಿದಿರು ಮೆಳೇನೇ ಕಟ್ತಾರೇನ್ಲಾ? ಸುಮ್ಕಿರು" ಎಂದಳು.

ಮೂಳೆ ಡಾಕ್ಟರು ಶುಭಾ ಎಕ್ಸ್‌ರೇಯನ್ನು ಅವನ ಮುಖದ ಮೇಲೆ ಹಿಡಿದು ತೋರಿಸಿದರು. "ಜಹಾಂಗೀರ್ ಅವರೇ, ಸೊಂಟದ ಮೂಳೆ ಒಂದು ಬಳೆ ಇದ್ದಂಗೆ. ನಿಮ್ಮದು ಮುಂದೆನೂ ಮುರಿದಿದೆ, ಹಿಂದೆನೂ ಬಿಟ್ಟುಕೊಂಡಿದೆ. ಪಕ್ಕದಲ್ಲಿ ಸಣ್ಣ ತೂತು ಮಾಡಿ ಮೊದಲು ತಂತಿ ಕಳಿಸ್ತೀವಿ. ಆ ತಂತಿ ಹಿಡ್ಕೊಂಡೇ ಟೊಳ್ಳು ಸ್ಕ್ರೂ ಒಳಗೆ ಹೋಗುತ್ತೆ. ಮುಂದಕ್ಕೂ ಹಂಗೇ ಒಂದು."

ಟೊಳ್ಳು ಸ್ಕ್ರೂ ಎಂದೊಡನೆ ಮೆಕ್ಯಾನಿಕ್ಕನ ಕಣ್ಣು ಅರಳಿತು. ಆದರೆ ಮರುಗಳಿಗೆಗೆ ಮುಚ್ಚಿಕೊಂಡಿತು. "ಬಿಚ್ಚಲ್ವಾ ಡಾಕ್ಟ್ರಮ್ಮ?"

"ಇಲ್ಲ. ಎಕ್ಸ್‌ರೇ ಪರದೆ ಮೇಲೆ ನೋಡ್ಕೊಂಡೇ ಹಾಕ್ತೀವಿ. ಪೂರ್ತಿ ತೆರೆದರೆ ರಕ್ತ ಜಾಸ್ತಿ ಹೋಗುತ್ತೆ, ಗಾಯ ಕೀವಾಗೋ ಭಯ."

"ಪರದೇಲಿ ಕಾಣೋದು ನೆಳ್ಳು. ನೆಳ್ಳಿಗೆ ಬೋಲ್ಟ್ ಹಾಕದಾ? ನಾನು ಒಂದು ಸೈಕಲ್ಗೂ ಅಂಗೆ ಮಾಡ್ನಿಲ್ಲ. ಬಿಚ್ಚದಾದ್ರೆ ಪೂರ್ತಿ ಬಿಚ್ಚಿ. ಇಲ್ಲಾಂದ್ರೆ ಮುಟ್ಟಬ್ಯಾಡಿ."

"ಸೊಂಟ ಗೇರ್ ಬಾಕ್ಸ್ ಅಲ್ಲ ಕಣ್ರೀ," ಎಂದರು ಡಾಕ್ಟರು. "ತಡ ಮಾಡಿದಷ್ಟೂ ಮೂಳೆ ಸರಿದ ಜಾಗದಲ್ಲೇ ಕೂಡ್ಕೊಳುತ್ತೆ. ಆಮೇಲೆ ಸಣ್ಣ ತೂತಲ್ಲಿ ಕೆಲಸ ಆಗಲ್ಲ, ಒಂದು ಕಾಲು ಗಿಡ್ಡ ಆಗಿ ಉಳಿಯುತ್ತೆ. ಈ ವಾರದೊಳಗೆ ಹೂಂ ಅನ್ನಿ."

ಜಹಾಂಗೀರ್ ಹೂಂ ಅನ್ನಲಿಲ್ಲ. ಫ್ಯಾನು ಟಕ್ ಎಂದಿತು.

ಅದೇ ವಾರ ಶೆಡ್ಡಿಗೆ ಹೊಳಲಿನ ಲಿಂಗಯ್ಯನ ಟ್ರ್ಯಾಕ್ಟರ್ ಬಂತು. ಲಿಂಗಯ್ಯ ಆಲೆಮನೆ ನಡೆಸುವವನು. ಅಲ್ಲಿಯ ಗಾಣಕ್ಕೆ ಕಬ್ಬು ಹೊರುವ ಗಾಡಿ ಅದೊಂದೇ. ಅಕೀಲ್ ಆಸ್ಪತ್ರೆಗೆ, ಭಾವನಿಗೆ ಫೋನು ಹಚ್ಚಿ ಅದನ್ನು ಇಂಜಿನ್ನಿನ ಹತ್ತಿರ ಹಿಡಿದ. ಇಂಜಿನ್ನು ಶುರುವಾಯಿತು, ಕೆಮ್ಮಿತು, ಸತ್ತಿತು.

"ಡೀಸೆಲ್ ಪೈಪಲ್ಲಿ ಗಾಳಿ ಸೇರ್ಕಂಡಿರ್ಬೋದು ಭಾವ. ಮೊದ್ಲು ಅದನ್ನ ನೋಡ್ತೀನಿ."

"ಆಚೆಯಿಂದ ನೋಡುದ್ರೆ ಏನ್ಲಾ ಕಾಣ್ತದೆ? ಪಂಪು ಬಿಚ್ಚು. ಹೆಡ್ ಇಳ್ಸು."

ಮಂಚದ ಮೇಲಿದ್ದವನಿಗೆ ಎಷ್ಟೋ ದಿನದ ಮೇಲೆ ಹಿತವಾಗಿ ನಿದ್ದೆ ಬಂತು. ತಾನು ಅಲುಗದಿದ್ದರೇನು, ಎಲ್ಲೋ ಒಂದು ಕಡೆ ಏನೋ ಒಂದು ಪೂರ್ತಿ ಬಿಚ್ಚಿಕೊಳ್ಳುತ್ತಿದೆಯಲ್ಲ!

ಬಿಚ್ಚಿಕೊಂಡಿತು. ಆದರೆ ಜಹಾಂಗೀರ್ ಭಾಮೈದನಿಗೆ ಇಷ್ಟು ವರ್ಷ ಕಲಿಸಿದ್ದು ಬಿಚ್ಚುವುದನ್ನು ಮಾತ್ರ. ಜೋಡಿಸುವುದನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ಗುಟ್ಟೆಲ್ಲ ಕೊಟ್ಟರೆ ಉಸ್ತಾದನಿಗೆ ಉಳಿಯುವುದೇನು?

ಲಿಂಗಯ್ಯ ಹೊಳಲಿನಿಂದ ನೇರ ವಾರ್ಡಿಗೇ ಬಂದ. ಕೈಯಲ್ಲಿ ಹಣ್ಣಿರಲಿಲ್ಲ.

"ಎಂಗಿದೀರಿ ಸಾಬ್ರೇ ಅಂತ ಕೇಳಕ್ ಬರ್ನಿಲ್ಲ ನಾನು. ನನ್ ಟ್ರ್ಯಾಕ್ಟ್ರು ನಿಮಗಿಂತ ಕಡೆ ಆಗದೆ. ನೀವಾದ್ರೂ ಒಂದೇ ಮಂಚದ ಮ್ಯಾಲಿದೀರಿ, ಅದು ಏಳು ಬಾಂಡ್ಲೀಲದೆ!"

"ತಪ್ಪು ಸಿಕ್ತಾ ಗೌಡ್ರೇ?"

"ಸಿಕ್ತು. ಡೀಸೆಲ್ ಪೈಪಲ್ಲಿ ಕೂದ್ಲೆಳೆ ಸೀಳು. ಆಚೆಯಿಂದ್ಲೇ ಕಾಣ್ತಿತ್ತು. ನಿಮ್ ಮಾತ್ಗೆ ಇಂಜಿನ್ ಪೂರಾ ಬಿಚ್ಚುದ್ರು. ಈಗ ಜೋಡ್ಸೋರಿಲ್ಲ. ಕಬ್ಬು ಗದ್ದೇಲೇ ಒಣಗ್ತಾ ಅದೆ, ಒಲೆ ಆರೋಗದೆ."

"ಬೇರೆ ಮೇಸ್ತ್ರಿ..."

"ಕರ್ದೆ. ನೀವು ಬಿಚ್ಚ್ಸಿದ್ದು ಅಂತ ಕೇಳಿ ಬಾಗ್ಲಿಂದ್ಲೇ ಕೈ ಮುಗ್ದು ಓದ. ನೀವೇ ಏಳ್ಬೇಕು. ಯಾವಾಗ ಏಳ್ತೀರಿ? ಅದೇಳಿ ಮೊದ್ಲು."

ಯಾವಾಗ ಏಳುತ್ತೇನೆ? ಆ ಪ್ರಶ್ನೆಯನ್ನು ಜಹಾಂಗೀರ್ ತನಗೆ ತಾನೇ ಕೇಳಿಕೊಂಡಿರಲಿಲ್ಲ. ಬೆಲ್ಟು ಒಮ್ಮೆಲೇ ಇನ್ನೂ ಬಿಗಿಯಾದಂತಾಯಿತು. ಕಣ್ಣು ಮುಚ್ಚಿದರೆ ಏಳು ಬಾಣಲಿ ಸಾಲಾಗಿ ಕಂಡವು. ಒಂದರಲ್ಲಿ ವಾಲ್ವು, ಒಂದರಲ್ಲಿ ಪಿಸ್ಟನ್ನು, ಇನ್ನೊಂದರಲ್ಲಿ ತನ್ನದೇ ಸೊಂಟ.

ತಾಹೇರಾ ಗಂಜಿಯ ಲೋಟ ಕೆಳಗಿಟ್ಟಳು. "ಅಜೀ, ಡಾಕ್ಟ್ರಮ್ಮನೂ ನಿಮ್ಮನ್ನ ಪೂರ್ತಿ ಬಿಚ್ಲಿ ಅಂತೀರಲ್ಲಾ. ಬಾಂಡ್ಲಿ ಮನೆಯಿಂದ ತರ್ಲಾ? ಇಲ್ಲ ಆಸ್ಪತ್ರೇಲೇ ಕೊಡ್ತಾರಾ?"

ಲಿಂಗಯ್ಯ ನಗಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಮುಚ್ಚಿಕೊಂಡ. ಅವಳು ಅಳುತ್ತಿದ್ದಳು.

ಜಹಾಂಗೀರ್ ಫ್ಯಾನಿನಿಂದ ಕಣ್ಣು ಕಿತ್ತು ಅವಳತ್ತ ತಿರುಗಿಸಿದ. ಆಮೇಲೆ ಅಂದ: "ಡಾಕ್ಟ್ರಮ್ಮನ್ನ ಕರೀರಿ."

ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ಎದೆಯ ಮೇಲೆ ಹಸಿರು ಬಟ್ಟೆಯ ಪರದೆ. ಅದರಾಚೆ ಡ್ರಿಲ್ಲಿನ ಸದ್ದು ಕೇಳಿದಾಗ, ಟ್ರೇಲರ್ ಬಿದ್ದಾಗಲೂ ಕಿರುಚದ ಮನುಷ್ಯನ ಹಲ್ಲು ಕಟಕಟ ಅನ್ನತೊಡಗಿತು. ಆ ಸದ್ದು ಶ್ರೀರಂಗಪಟ್ಟಣದವರೆಗೂ ಕೇಳಿರಬೇಕು.

"ತಂತಿ ನೆಟ್ಟಗದಾ ಡಾಕ್ಟ್ರಮ್ಮ?"

"ನೆಟ್ಟಗಿದೆ. ಎಕ್ಸ್‌ರೇ ಪರದೆ ಈ ಕಡೆ ತಿರುಗಿಸಲಾ? ನೋಡ್ತೀರಾ?"

ಜೀವಮಾನವಿಡೀ ನೋಡದೆ ಏನನ್ನೂ ಒಪ್ಪದವನು ಕಣ್ಣು ಮುಚ್ಚಿಕೊಂಡ. "ಬ್ಯಾಡಿ. ನೀವು ನೋಡ್ತಿದೀರಲ್ಲ, ಸಾಕು. ಕೊನೇ ಸುತ್ತು ಮಾತ್ರ ಮೆಲ್ಲಕೆ ಬಿಗೀರಿ. ಜೋರು ಮಾಡುದ್ರೆ ಸ್ಕ್ರೂ ಕಚ್ಚೋ ಮರೆ ಕಿತ್ತೋಯ್ತದೆ."

"ಆಗಲಿ ಮೇಸ್ತ್ರಿ," ಎಂದರು ಡಾಕ್ಟರು.

ಗಾಯಗಳು ಉಗುರಿನಗಲವೂ ಇರಲಿಲ್ಲ. ನೋಡಲು ಬಂದ ನೆಂಟರಿಗೆ, ಇಷ್ಟಕ್ಕಾಗಿ ಬಸ್ಸು ಹತ್ತಿ ಬಂದೆವೇ ಎಂದು ಬೇಸರವಾಯಿತು. ಜಹಾಂಗೀರನನ್ನು ಕೂರಿಸಿದರು, ಜಗತ್ತಿಗೆ ಗೋಡೆಗಳೂ ಇವೆ ಎಂದು ಅವನಿಗೆ ಆಗ ನೆನಪಾಯಿತು. ಆದರೆ ಬಿಡುಗಡೆ ಇಷ್ಟು ಸುಲಭವೇ? ಎಡಗಾಲು ನೆಲಕ್ಕೆ ತಾಗಬಹುದು, ಭಾರ ಬಿಡುವಂತಿಲ್ಲ. ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಬಗ್ಗುವಂತಿಲ್ಲ. ಮಂಚದ ಜೈಲಿನಿಂದ ವಾಕರಿನ ಜೈಲಿಗೆ ವರ್ಗವಾಯಿತು, ಅಷ್ಟೇ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಶೆಡ್ಡಿನಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮುಂದೆ ವಾಕರ್ ನಿಲ್ಲಿಸಿದರು. ಕೈ ಚಾಚಿದರೆ ಬಾಣಲಿ ಸಿಗದು. ಹೀಗಾಗಿ ಇಷ್ಟು ವರ್ಷ ಬಚ್ಚಿಟ್ಟ ಗುಟ್ಟನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕಾಯಿತು. ಒಂದೊಂದು ಮಾತಿಗೂ ಹಲ್ಲು ಕಿತ್ತಷ್ಟು ಸಂಕಟ. ಅಕೀಲ್ ಬೆವರುತ್ತ ಒಂದೊಂದೇ ಬಾಣಲಿ ಖಾಲಿ ಮಾಡಿದ. ಲಿಂಗಯ್ಯ ಸೀಟು ಹತ್ತಿ ಕೀಲಿಯ ಮೇಲೆ ಕೈಯಿಟ್ಟು ಕಾದ.

ಕೊನೆಗೆ ಹೊಸ ಡೀಸೆಲ್ ಪೈಪು ಹಿಡಿಯುವ ಒಂದು ಬೋಲ್ಟು ಉಳಿಯಿತು. ಅದರ ಜಾಗ ಪಂಪಿನ ಹಿಂದೆ, ಸಂದಿಯಲ್ಲಿ. ಅಕೀಲನ ದಪ್ಪ ಕೈ ಅಲ್ಲಿಗೆ ಹೋಗಲಿಲ್ಲ.

"ಪಂಪು ಮತ್ತೆ ಬಿಚ್ಚವಾ ಭಾವ?"

ಲಿಂಗಯ್ಯನ ಮುಖ ಬೆಲ್ಲದ ಪಾಕ ಸೀದಂತಾಯಿತು.

ಜಹಾಂಗೀರನ ನಾಲಿಗೆಯ ತುದಿಗೆ 'ಬಿಚ್ಚು' ಬಂದು ಕೂತಿತ್ತು. ಅದನ್ನು ನುಂಗಿದ. ಎಡಗೈಯಲ್ಲಿ ವಾಕರ್ ಹಿಡಿದು, ಬಲಗಾಲಿನ ಮೇಲೆ ಭಾರ ಹಾಕಿ ಮೆಲ್ಲಗೆ ಎದ್ದ. ತಾಹೇರಾ ಹಿಂದೆ ಬಂದು ನಿಂತಳು. ಬಲಗೈ ಸಂದಿಯೊಳಗೆ ಹೋಯಿತು, ಮೊಣಕೈವರೆಗೆ. ಬೆರಳು ತಡಕಿತು, ತೂತು ಸಿಕ್ಕಿತು, ಬೋಲ್ಟು ಕಚ್ಚಿತು.

"ಕಾಣ್ತದಾ ಸಾಬ್ರೇ?"

"ಏನೂ ಕಾಣಲ್ಲ ಕಣ್ರೀ ಗೌಡ್ರೇ," ಎಂದ ಜಹಾಂಗೀರ್, ಕೊನೆಯ ಸುತ್ತನ್ನು ಮೆಲ್ಲಗೆ ಬಿಗಿದು ಕೈ ಈಚೆ ತೆಗೆಯುತ್ತ. "ಕೀ ತಿರುಗ್ಸಿ."