ಕೆರೆಯನ್ನು ನೆಟ್ಟಗೆ ಮಾಡುವವಳು

ಸ್ಟುಡಿಯೋದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಜಮಾನರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಆಕೆ ನೆಟ್ಟಗಕ್ಕ. ಊರಿನ ಪಕ್ಕದಲ್ಲೇ ದೊಡ್ಡ ಕೆರೆ. ದಡದ ಮೇಲೆ ನಿಂತವರ ಕೈ ಸುಮ್ಮನಿರುವುದುಂಟೇ? ಬೆಳಗಿನ ಮಂಜು, ಸಂಜೆಯ ಕೆಂಪು, ನೀರಿನಲ್ಲಿ ತಲೆಕೆಳಗಾದ ಮರ ಎಲ್ಲವನ್ನೂ ಕ್ಲಿಕ್ಕಿಸಿ ತಂದು, "ಸ್ವಲ್ಪ ಚೆಂದ ಮಾಡಿಕೊಡಿ ಅಕ್ಕ" ಎಂದು ಅವಳ ಮುಂದೆ ಸುರಿಯುತ್ತಿದ್ದರು. ಕಪ್ಪಾದ ದಡಕ್ಕೆ ಬೆಳಕು ತುಂಬುವುದು, ಬಿಳಿಚಿಕೊಂಡ ಆಕಾಶಕ್ಕೆ ಬಣ್ಣ ಬರಿಸುವುದು, ಮೂಲೆಯಲ್ಲಿ ತೂರಿಕೊಂಡ ಯಾರದೋ ಚಪ್ಪಲಿ ಅಳಿಸುವುದು, ಇವೆಲ್ಲ ಆಮೇಲೆ. ಮೊದಲು ನೀರಿನ ಗೆರೆ. "ನೀರೇ ಸೊಟ್ಟಗಿದ್ರೆ ಉಳಿದದ್ದೆಲ್ಲ ದಂಡ" ಎನ್ನುತ್ತ ಪರದೆಯ ಮೇಲೊಂದು ಅಡ್ಡಗೆರೆ ಎಳೆದು, ಚಿತ್ರವನ್ನು ಅದಕ್ಕೆ ಸರಿಯಾಗಿ ತಿರುಗಿಸಿಬಿಡುತ್ತಿದ್ದಳು. ಮೂವತ್ತೆರಡು ವರ್ಷದ ಕಸುಬು, ಆಡುವ ಮಾತೇ?

ಅವಳ ಖಾಯಂ ಗಿರಾಕಿ ಸ್ವಂತ ತಮ್ಮ, ಬಸ್ ಡ್ರೈವರ್. ಅವನ ಬಸ್ಸಿನ ಕೊನೇ ಸ್ಟಾಪು ಕೆರೆಯ ದಡದಲ್ಲೇ. ಅಲ್ಲಿ ಸಿಗುವ ಹನ್ನೆರಡು ನಿಮಿಷದಲ್ಲಿ ಉಳಿದ ಡ್ರೈವರುಗಳು ಟೀ ಕುಡಿದರೆ ಇವನು ಫೋಟೊ ಹೊಡೆಯುತ್ತಿದ್ದ. ಅಕ್ಕನ ಕೈಯಲ್ಲಿ ಸರಿಮಾಡಿಸಿಕೊಂಡು ಡಿಪೋದ ಗೋಡೆಗೆ ಅಂಟಿಸಿ ಮೆರೆಯುತ್ತಿದ್ದ. ಅರ್ಧ ಕೆಲಸ ಅಕ್ಕನದು ಎಂದು ಮಾತ್ರ ಅಪ್ಪಿತಪ್ಪಿಯೂ ಬಾಯಿಬಿಡುತ್ತಿರಲಿಲ್ಲ, ಭೂಪ!

ಒಂದು ದಿನ ಅವಳಿಗೆ ಏನೋ ವಿಚಿತ್ರ ಕಂಡಿತು. ಬೇರೆಯವರ ಕೆರೆ ಒಮ್ಮೆ ಎಡಕ್ಕೆ ವಾಲಿದರೆ ಒಮ್ಮೆ ಬಲಕ್ಕೆ. ತಮ್ಮನದು ಕೆಲವು ತಿಂಗಳಿಂದ ಪ್ರತಿ ಸಲವೂ ಎಡಕ್ಕೇ ಇಳಿಯುತ್ತಿದೆ, ಅದೂ ಹೆಚ್ಚುಕಮ್ಮಿ ಅಷ್ಟಷ್ಟೇ. ಇದೇನಪ್ಪಾ? ತಲೆಗೆ ಹುಳ ಬಿಟ್ಟಂತಾಯಿತು. ಫೋನಿನ ದೋಷವೇನೋ ಎಂದು ಅದರಲ್ಲಿ ತಾನೇ ನಾಲ್ಕು ಫೋಟೊ ತೆಗೆದಳು, ನೆಟ್ಟಗೆ ಬಂದವು. ಅವನು ನಿಲ್ಲುವ ಜಾಗವೇ ಇಳಿಜಾರೇನೋ ಎಂದು ರಜೆಯ ದಿನ ಅವನದೇ ಬಸ್ಸು ಹತ್ತಿ ಕೆರೆಗೆ ಹೋದಳು. ಜಾಗವೂ ಮಟ್ಟಸವಾಗಿತ್ತು. ಫೋನು ಎತ್ತಿಕೊಂಡು ನಿಂತ ತಮ್ಮನ ತಲೆ ಮಾತ್ರ ಬಲ ಭುಜದ ಕಡೆಗೆ ವಾಲಿತ್ತು. ಅದರ ಜೊತೆಗೆ ಫೋನೂ. ಫೋನು ಬಲಕ್ಕೆ ವಾಲಿದರೆ ಚಿತ್ರದಲ್ಲಿ ಕೆರೆ ಎಡಕ್ಕೆ ಇಳಿಯದೆ ಇನ್ನೇನು?

"ತಲೆ ನೆಟ್ಟಗಿಟ್ಕೊಂಡು ಹೊಡಿಯೋ."

"ನೆಟ್ಟಗಿಟ್ರೆ ಎರಡೆರಡು ಕಾಣತ್ತೆ ಅಕ್ಕ. ಒಂದು ದಡದ ಮೇಲೆ ಇನ್ನೊಂದು ದಡ."

"ಯಾವಾಗಿಂದ?"

"ಈಚೆಗೆ. ಸುಸ್ತಾದಾಗ ಜಾಸ್ತಿ. ತಲೆ ಸ್ವಲ್ಪ ವಾಲಿಸಿದ್ರೆ ಮತ್ತೆ ಒಂದೇ ಆಗತ್ತೆ. ಅದಕ್ಕೇನೀಗ?"

ಅದಕ್ಕೇನೀಗ ಅಂತೆ! ಹಿಂದೆ ನಲವತ್ತು ಜನ ಕೂತಿರುತ್ತಾರೆ! ನಲವತ್ತೆರಡು ವರ್ಷದ ಗಂಡಸಾದರೇನು, ಅವಳಿಗೆ ಅಲ್ಲೇ ಕಿವಿ ಹಿಂಡಬೇಕೆನ್ನಿಸಿತು. ಡಿಪೋಗೆ ಫೋನು ಮಾಡಿಸಿ, ಬೇರೆ ಡ್ರೈವರು ಬಂದು ಸೀಟಿನಲ್ಲಿ ಕೂತ ಮೇಲೆಯೇ ಅವಳು ಅಲ್ಲಿಂದ ಕದಲಿದ್ದು.

ಕಣ್ಣಿನ ಡಾಕ್ಟರಮ್ಮ ಅರ್ಧ ಗಂಟೆ ಪರೀಕ್ಷೆ ಮಾಡಿದರು. ಒಂದು ಕಣ್ಣನ್ನು ಹಿಡಿದಿಡುವ ನರಕ್ಕೆ ಬಲ ಸಾಲದು, ಎರಡು ಕಣ್ಣಿನ ನೋಟ ಕೂಡಿಸಲು ತಲೆ ತಾನಾಗಿಯೇ ವಾಲುತ್ತಿದೆ ಎಂದರು. "ಹುಟ್ಟಿನಿಂದ ಇದ್ದದ್ದು ಈಗ ಹೊರಗೆ ಬಿದ್ದಿದ್ರೆ ಹೆದರಬೇಕಾಗಿಲ್ಲ. ಕನ್ನಡಕ ಕೊಡ್ತೀನಿ, ಎರಡು ಕಾಣೋದು ನಿಂತ ಮೇಲೆ ಬಸ್ ಓಡಿಸಬಹುದು. ಹೊಸದಾದ್ರೆ ಮಾತ್ರ ತಲೆ ಒಳಗೆ ಏನೋ ಆಗಿದೆ ಅಂತ ಲೆಕ್ಕ. ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ, ಬಸ್ಸಿನ ಮಾತು ಬಿಟ್ಟುಬಿಡಿ. ಚಿಕ್ಕಂದಿನ ಫೋಟೊ ಇದ್ರೆ ತನ್ನಿ. ಆಗಲೂ ತಲೆ ವಾಲಿತ್ತಾ ನೋಡಬೇಕು."

ಮನೆಗೆ ಬಂದವಳೇ ಆಲ್ಬಮ್ಮುಗಳನ್ನೆಲ್ಲ ನೆಲದ ಮೇಲೆ ಹರವಿ ಕೂತಳು. ತಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. "ದೇವರೇ, ನಾನು ಹುಟ್ಟಾ ಸೊಟ್ಟ ಆಗಿರಲಪ್ಪಾ ಅಂತ ಬೇಡಿಕೊಳ್ತಿರೋನು ನಾನೊಬ್ನೇ ಇರ್ಬೇಕು" ಎಂದು ನಕ್ಕ. ಇಪ್ಪತ್ತು ವರ್ಷದಿಂದ ಸ್ಟೇರಿಂಗು ಬಿಟ್ಟು ಬೇರೇನನ್ನೂ ಹಿಡಿದು ಗೊತ್ತಿಲ್ಲದ ಕೈಗಳು ಮಂಡಿಯ ಮೇಲೆ ಸುಮ್ಮನೆ ಬಿದ್ದಿದ್ದವು.

ಒಂದು ಫೋಟೊ, ಎರಡು, ಹತ್ತು. ಎಲ್ಲದರಲ್ಲೂ ಹುಡುಗನ ತಲೆ ಕಂಬದ ಹಾಗೆ ನೆಟ್ಟಗಿದೆ! ಇರದೆ ಏನು? ಎಲ್ಲ ಸ್ಟುಡಿಯೋದಲ್ಲೇ ತೆಗೆದವು. ಕ್ಯಾಮೆರಾ ಮುಂದೆ ಕೂರಿಸಿ, ಗಲ್ಲ ಹಿಡಿದು, ತಲೆ ಸರಿಮಾಡಿದ ಮೇಲೆಯೇ ಯಜಮಾನರು ಬಟನ್ ಒತ್ತುತ್ತಿದ್ದದ್ದು. ತನ್ನ ಕಸುಬಿನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಜನರನ್ನು ಇದ್ದ ಹಾಗೆ ಇರಲು ಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು?

ಕೊನೆಗೆ ಹೊರಗೆ ತೆಗೆದದ್ದೊಂದು ಸಿಕ್ಕಿತು. ಹತ್ತು ವರ್ಷದ ತಮ್ಮ, ಬರಿಗಾಲು, ಕೆರೆಯ ದಡ. ಅಯ್ಯೋ, ಇದರಲ್ಲೂ ತಲೆ ನೆಟ್ಟಗೇ! ಅವಳಿಗೆ ಅಳುವೇ ಬಂತು. ಪಕ್ಕಕ್ಕಿಡಲು ಹೋದ ಕೈ ಅಲ್ಲೇ ನಿಂತಿತು. ಹುಡುಗನ ಹಿಂದೆ ನೀರು ಇಳಿಜಾರಾಗಿ ಓಡುತ್ತಿದೆ. ಯಾವ ಬೇಕೂಫ ಪ್ರಿಂಟ್ ಹಾಕಿದ್ದು ಇದನ್ನು? ಹಿಂದೆ ತಿರುಗಿಸಿದರೆ ಅವಳದೇ ಅಕ್ಷರ, ಕೆಲಸಕ್ಕೆ ಸೇರಿದ ಮೊದಲ ತಿಂಗಳಿನ ತಾರೀಖು! ಆಗ ಎಲ್ಲ ಕತ್ತಲೆ ಕೋಣೆಯ ಕೆಲಸ. ನೆಗೆಟಿವ್‌ನ ಚಿತ್ರ ಕಾಗದದ ಮೇಲೆ ಬೀಳುವಾಗ ಕಾಗದವನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಸೊಟ್ಟಗಿದ್ದದ್ದು ನೆಟ್ಟಗಾಗುತ್ತಿತ್ತು. ಹಾಗಾದರೆ ತಾನು ಏನನ್ನು ನೆಟ್ಟಗೆ ಮಾಡಿದ್ದು?

ಫೋಟೊವನ್ನು ನೆಲದ ಮೇಲಿಟ್ಟು, ನೀರಿನ ಗೆರೆ ಮಟ್ಟವಾಗುವವರೆಗೆ ಮೆಲ್ಲಗೆ ತಿರುಗಿಸಿದಳು. ಹುಡುಗನ ಕಾಲು ನೆಟ್ಟಗಾಯಿತು, ಭುಜ ನೆಟ್ಟಗಾಯಿತು. ತಲೆ ಬಲ ಭುಜದ ಕಡೆಗೆ ವಾಲಿತು.

ಮರುದಿನ ಡಾಕ್ಟರಮ್ಮ ಫೋಟೊದ ನೀರಿಗೆ ಸ್ಕೇಲು ಹಿಡಿದು ನೋಡಿದರು. ಅನುಮಾನ ಬೇಡವೆಂದು ಇನ್ನೊಂದು ಸಲ ನೋಡಿದರು. "ಚಿಕ್ಕಂದಿನದೇ. ಕನ್ನಡಕ ಬರೀತೀನಿ" ಎಂದರು. ತಮ್ಮ ಕುರ್ಚಿಯಲ್ಲೇ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬಿಕ್ಕುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

ಡಾಕ್ಟರಮ್ಮನಿಗೆ ಕುತೂಹಲ ತಡೆಯಲಿಲ್ಲ. "ಅಲ್ಲಮ್ಮ, ಊರಿನವರ ಕೆರೆಯೆಲ್ಲ ನೆಟ್ಟಗೆ ಮಾಡೋರು ನೀವು. ಇಷ್ಟು ದೊಡ್ಡ ಕೆರೆ ವಾಲಿದ್ದು ಆವತ್ತು ನಿಮಗೆ ಕಾಣಲೇ ಇಲ್ವಾ?"

ಅವಳು ಫೋಟೊವನ್ನು ಸೆರಗಿನಿಂದ ಒರೆಸಿದಳು.

"ನಾನು ಕೆರೆ ಎಲ್ಲಿ ನೋಡಿದೆ ಡಾಕ್ಟ್ರೇ? ಇವನನ್ನೇ ನೋಡ್ತಿದ್ದೆ."